ಇಳಿವಯಸ್ಸಿನ ಕಿವಿಮಂದ ಮತ್ತು ತಲೆಸುತ್ತು

ತೆಂಗಿನ ಸೀಮೆಯವರಿಗೆ ಕಿವಿಯ ಬೆಲೆ ಏನೆಂಬುದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಒಣಗಿ, ಕರಟವನ್ನು ಬಿಟ್ಟು ಉಂಡೆಯಾದರೆ ಅದು ಕೊಬ್ಬರಿ. ಆಗಿದೆಯೋ ಇಲ್ಲವೋ ಎಂಬುದನ್ನು ಹೊರಗಿನಿಂದ ಕಣ್ಣಿಟ್ಟು ಹೇಳಲಾಗುವುದಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಉಳಿದಿದ್ದರೆ ಒಂದು ಸದ್ದು. ಉಂಡೆ ಬಿಟ್ಟಿದ್ದರೆ ಇನ್ನೊಂದು ಸದ್ದು. ಈ ಎರಡು ಸದ್ದುಗಳ ಭೇದವನ್ನು ತಿಳಿದ ಹಿರಿಯರು ಮನೆಗೊಬ್ಬರಾದರೂ ಇರುತ್ತಾರೆ.

ಅಂಥ ಹಿರಿಯರೊಬ್ಬರು ಒಂದು ದಿನ ಕಾಯಿ ಅಲ್ಲಾಡಿಸಿ, ‘ಇದರಲ್ಲಿ ಏನೂ ಸದ್ದೇ ಇಲ್ಲವಲ್ಲ’ ಎನ್ನುತ್ತಾರೆಂದು ಇಟ್ಟುಕೊಳ್ಳಿ. ಪಕ್ಕದಲ್ಲಿರುವ ಮೊಮ್ಮಗನಿಗೆ ಸದ್ದು ಚೆನ್ನಾಗಿಯೇ ಕೇಳಿಸುತ್ತಿದೆ. ‘ತಾತನಿಗೆ ವಯಸ್ಸಾಯಿತು’ ಎಂದು ಮನೆಯವರು ನಗುತ್ತಾರೆ. ಅದೇ ವಾರ ತೋಟದ ಬದುವಿನ ಮೇಲೆ ನಡೆಯುವಾಗ ತಾತ ಒಂದು ಪಕ್ಕಕ್ಕೆ ವಾಲುತ್ತಾರೆ. ನೆಲ ತೇಲಿದಂತಾಯಿತು ಎನ್ನುತ್ತಾರೆ. ‘ಪಿತ್ತ ಏರಿದೆ, ನಿಂಬೆಹಣ್ಣಿನ ಪಾನಕ ಕುಡಿಯಲಿ’ ಎಂಬ ಸಲಹೆ ಬರುತ್ತದೆ. ವಯಸ್ಸು ಮತ್ತು ಪಿತ್ತ ಎಂಬ ಈ ಎರಡು ಮಾತುಗಳು ನಮ್ಮಲ್ಲಿ ಎಷ್ಟೋ ಕಾಯಿಲೆಗಳ ಮೇಲೆ ಪರದೆ ಎಳೆದುಬಿಡುತ್ತವೆ. ಆ ಪರದೆಯ ಹಿಂದೆ ಒಮ್ಮೊಮ್ಮೆ ಅಡಗಿರುವ ಒಂದು ಕಾಯಿಲೆಯ ವಿಚಾರವೇ ಈ ಭಾಷಣದ ವಸ್ತು. ಅದು ರಕ್ತನಾಳಗಳ ಉರಿಯೂತ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ವಯಸ್ಸಾದವರ ಕಿವಿಮಂದ, ತಲೆಸುತ್ತುಗಳೆಲ್ಲ ಈ ಕಾಯಿಲೆಯಿಂದ ಬಂದವಲ್ಲ. ಬಹುಪಾಲು ಕಿವಿಮಂದ ನಿಜವಾಗಿಯೂ ಮುಪ್ಪಿನದೇ. ಎಷ್ಟೋ ಸಲ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿರುತ್ತದೆ, ಅಷ್ಟೆ. ತಲೆಸುತ್ತಿಗೂ ಹಾಗೆಯೇ ಸಾಮಾನ್ಯ ಕಾರಣಗಳುಂಟು. ಒಳಕಿವಿಯಲ್ಲಿರುವ ಸಣ್ಣ ಸುಣ್ಣದ ಹರಳುಗಳು ಜಾಗ ತಪ್ಪಿದರೆ, ಹಾಸಿಗೆಯಲ್ಲಿ ಮಗ್ಗುಲು ಹೊರಳಿದಾಗ ಅರೆ ನಿಮಿಷ ಲೋಕವೇ ಗಿರ್ರನೆ ತಿರುಗಿ ನಿಲ್ಲುತ್ತದೆ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಆ ಹರಳನ್ನು ಸ್ವಸ್ಥಾನಕ್ಕೆ ತರುವ ಉಪಾಯವನ್ನು ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ವಿವರಿಸಿ ಪ್ರಕಟಿಸಿದರು. ಬಲ್ಲ ವೈದ್ಯರು ಅದನ್ನು ಕೆಲವೇ ನಿಮಿಷಗಳಲ್ಲಿ ಮಾಡುತ್ತಾರೆ. ರಕ್ತದೊತ್ತಡದ ಮಾತ್ರೆ ನುಂಗುವವರು ಥಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲಿಡುವುದೂ ಉಂಟು. ಇವೆಲ್ಲ ಸಾಮಾನ್ಯ. ನಾನು ಹೇಳಹೊರಟಿರುವುದು ಅಪರೂಪದ ಕಾಯಿಲೆ. ಅಪರೂಪವಾದದ್ದರಿಂದಲೇ ಅದು ತಪ್ಪಿಸಿಕೊಳ್ಳುತ್ತದೆ. ತಪ್ಪಿಸಿಕೊಂಡರೆ ಕಿವಿಯನ್ನೂ, ಕೆಲವರಲ್ಲಿ ಕಣ್ಣನ್ನೂ, ಮೂತ್ರಪಿಂಡವನ್ನೂ, ಪ್ರಾಣವನ್ನೂ ತೆಗೆದುಕೊಳ್ಳುತ್ತದೆ. ಹೊತ್ತಿಗೆ ಸರಿಯಾಗಿ ಕಂಡುಕೊಂಡರೆ ಇದಕ್ಕೆ ಔಷಧವಿದೆ. ಆದಕಾರಣ ತಿಳಿದಿರುವುದು ಲೇಸು.

ಕಿವಿ ಎಂದರೆ ನಾವು ಹೊರಗೆ ಕಾಣುವ ಹಾಲೆಯಲ್ಲ. ನಿಜವಾದ ಕಿವಿ ತಲೆಬುರುಡೆಯ ಅತ್ಯಂತ ಗಟ್ಟಿ ಮೂಳೆಯೊಳಗೆ ಹುದುಗಿದೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ಒಂದು ಅಂಗವಿದೆ. ಬಿಚ್ಚಿ ನೀಳವಾಗಿ ಇಟ್ಟರೆ ಅದರ ಉದ್ದ ಸುಮಾರು 35 ಮಿಲಿಮೀಟರು. ಅದರೊಳಗೆ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ಶಬ್ದ ಬಂದಾಗ ಇವುಗಳ ತುದಿಯ ಕೂದಲು ಬಾಗುತ್ತದೆ. ಆ ಬಾಗು ನರದಲ್ಲಿ ವಿದ್ಯುತ್ ಸಂಕೇತವಾಗಿ ಮಿದುಳಿಗೆ ಹೋಗುತ್ತದೆ. ಶಬ್ದದ ಅಲೆ ಈ ಸುರುಳಿಯೊಳಗೆ ಹೇಗೆ ಸಾಗುತ್ತದೆಂಬುದನ್ನು ತೋರಿಸಿಕೊಟ್ಟವರು ಹಂಗೇರಿಯ ಗಿಯಾರ್ಗ್ ಬೆಕೆಶಿ. ಅವರು ಮೊದಲು ಟೆಲಿಫೋನ್ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದವರು. ಅವರಿಗೆ 1961ರಲ್ಲಿ ನೊಬೆಲ್ ಬಹುಮಾನ ಬಂದಿತು. ಈ ರೋಮಕೋಶಗಳ ವಿಷಯದಲ್ಲಿ ಮನಸ್ಸಿನಲ್ಲಿಡಬೇಕಾದ ಸಂಗತಿ ಒಂದೇ: ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಈ ಸುರುಳಿಗೆ ಅಂಟಿಕೊಂಡೇ ಇನ್ನೊಂದು ಅಂಗವಿದೆ. ಮೂರು ದಿಕ್ಕಿಗೆ ತಿರುಗಿದ ಮೂರು ಅರ್ಧವೃತ್ತದ ನಾಳಗಳು, ಅವುಗಳ ಬುಡದಲ್ಲಿ ಎರಡು ಸಣ್ಣ ಚೀಲಗಳು. ಒಳಗೆ ದ್ರವ. ನಾವು ತಲೆ ತಿರುಗಿಸಿದಾಗ ಈ ದ್ರವ ಹಿಂದೆ ಉಳಿದು, ಅಲ್ಲಿಯ ರೋಮಕೋಶಗಳನ್ನು ಬಾಗಿಸಿ, ‘ತಲೆ ಇಂತಹ ದಿಕ್ಕಿಗೆ ತಿರುಗಿತು’ ಎಂದು ಮಿದುಳಿಗೆ ತಿಳಿಸುತ್ತದೆ. ತಲೆಸುತ್ತಿನ ಮೂಲ ಒಳಕಿವಿಯಲ್ಲಿಯೂ ಇರಬಹುದೆಂದು 1861ರಲ್ಲಿ ಪ್ಯಾರಿಸ್ಸಿನ ಪ್ರಾಸ್ಪರ್ ಮೆನ್ಯೇ ಎಂಬ ವೈದ್ಯರು ಹೇಳಿದಾಗ ಅನೇಕರು ಒಪ್ಪಲಿಲ್ಲ. ಮುಂದೆ ವಿಯೆನ್ನಾದ ರಾಬರ್ಟ್ ಬಾರಾನಿ ಎಂಬವರು, ಕಿವಿಗೆ ತಣ್ಣೀರು ಬಿಟ್ಟರೆ ಕಣ್ಣುಗುಡ್ಡೆ ಒಂದು ದಿಕ್ಕಿಗೂ ಬಿಸಿನೀರು ಬಿಟ್ಟರೆ ಇನ್ನೊಂದು ದಿಕ್ಕಿಗೂ ಓಲಾಡುವುದನ್ನು ಗಮನಿಸಿ, ಅದನ್ನೇ ಒಂದು ಪರೀಕ್ಷೆಯನ್ನಾಗಿ ಮಾಡಿದರು. 1914ರ ನೊಬೆಲ್ ಬಹುಮಾನ ಅವರದಾಯಿತು. ಸುದ್ದಿ ಮುಟ್ಟಿದಾಗ ಅವರು ರಷ್ಯದಲ್ಲಿ ಯುದ್ಧಕೈದಿಯಾಗಿದ್ದರು. ಕೇಳುವ ಅಂಗ ಮತ್ತು ತೂಕ ಹಿಡಿಯುವ ಅಂಗ ಎರಡೂ ಒಂದೇ ಮನೆಯ ಎರಡು ಕೋಣೆಗಳೆಂಬುದು ಇದರಿಂದ ನಿಮಗೆ ಗೊತ್ತಾಗಿರಬೇಕು.

ಈ ಮನೆಗೆ ರಕ್ತ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ತಿಳಿಯಲು ಹೇಮಾವತಿ ನಾಲೆಯನ್ನು ನೆನೆದರೆ ಸಾಕು. ಗೊರೂರಿನ ಕಟ್ಟೆಯಿಂದ ಹೊರಟ ನೀರು ದೊಡ್ಡ ನಾಲೆಯಲ್ಲಿ ಬಂದು, ಕಿರುನಾಲೆಗಳಾಗಿ ಕವಲೊಡೆದು, ಕಟ್ಟಕಡೆಯ ಜಮೀನಿಗೆ ಒಂದು ಸಣ್ಣ ಕಾಲುವೆಯಾಗಿ ಮುಟ್ಟುತ್ತದೆ. ನಡುವಿನ ಜಮೀನಿನವನಿಗೆ ಒಂದು ಕಾಲುವೆ ಕಟ್ಟಿಕೊಂಡರೆ ಪಕ್ಕದ ಕಾಲುವೆಯಿಂದಾದರೂ ನೀರು ಹಾಯಿಸಿಕೊಳ್ಳಬಹುದು. ಕಡೆಯ ಜಮೀನಿನವನಿಗೆ ಆ ಅನುಕೂಲವಿಲ್ಲ. ಒಳಕಿವಿ ದೇಹದಲ್ಲಿ ಅಂಥ ಕಡೆಯ ಜಮೀನು. ಮಿದುಳಿನ ಹಿಂಭಾಗಕ್ಕೆ ಹೋಗುವ ಧಮನಿಯ ಒಂದು ಕವಲಿನಿಂದ ಕೂದಲೆಳೆಯಂಥ ಒಂದು ನಾಳ ಹೊರಟು ಒಳಕಿವಿಯನ್ನು ಹೊಗುತ್ತದೆ. ಅಲ್ಲಿ ಅದು ಎರಡಾಗಿ ಒಂದು ಭಾಗ ಮುಖ್ಯವಾಗಿ ಕೇಳುವ ಸುರುಳಿಗೆ, ಇನ್ನೊಂದು ತೂಕ ಹಿಡಿಯುವ ಅಂಗಕ್ಕೆ ಹೋಗುತ್ತದೆ. ಬೇರೆ ಕಡೆಯಿಂದ ಸಾಕಷ್ಟು ರಕ್ತ ತಂದುಕೊಡುವ ಬದಲಿ ನಾಳವಿಲ್ಲ. ಮೂಲ ನಾಳ ಮುಚ್ಚಿದರೆ ಕಿವಿಯೂ ತೂಕವೂ ಒಟ್ಟಿಗೆ ಹೋಗುತ್ತವೆ. ಕವಲು ಮುಚ್ಚಿದರೆ ಒಂದು ಹೋಗಿ ಇನ್ನೊಂದು ಉಳಿಯಬಹುದು. ರಕ್ತ ನಿಂತರೆ ಕೆಲವೇ ನಿಮಿಷಗಳಲ್ಲಿ ಒಳಕಿವಿ ಕೆಲಸ ನಿಲ್ಲಿಸುತ್ತದೆ. ಹೆಚ್ಚು ಹೊತ್ತು ಹಾಗೆಯೇ ನಿಂತರೆ ರೋಮಕೋಶಗಳು ಸಾಯುತ್ತವೆ.

ಈಗ ಉರಿಯೂತದ ಮಾತು. ಗಾಯವಾದ ಬೆರಳು ಕೆಂಪಾಗಿ, ಬಿಸಿಯಾಗಿ, ಊದಿ, ನೋಯುವುದನ್ನು ನೀವೆಲ್ಲ ನೋಡಿದ್ದೀರಿ. ದೇಹವನ್ನು ಕಾಯುವ ಬಿಳಿಯ ರಕ್ತಕಣಗಳು ಅಲ್ಲಿಗೆ ಬಂದು ಹೋರಾಡುವುದರ ಗುರುತು ಅದು. ಕೆಲವರಲ್ಲಿ ಈ ಕಾವಲಿನ ಪಡೆಗೆ ಶತ್ರು ಯಾರು, ಮನೆಯವರು ಯಾರು ಎಂಬ ವಿವೇಕ ತಪ್ಪುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಅದು ರಕ್ತನಾಳದ ಗೋಡೆಯ ಮೇಲೆಯೇ ಬೀಳುತ್ತದೆ. ಗೋಡೆ ಊದಿ ನಾಳ ಕಿರಿದಾಗುತ್ತದೆ. ಕೆಲವು ಕಡೆ ಮುಚ್ಚಿಯೇ ಹೋಗುತ್ತದೆ. ನಾಳಗಳು ದೇಹದ ತುಂಬ ಇರುವುದರಿಂದ ಕಾಯಿಲೆ ಎಲ್ಲಿ ಬೇಕಾದರೂ ತಲೆಯೆತ್ತಬಹುದು. ಇಂಥ ಉರಿಯೂತಗಳಲ್ಲಿ ಹಲವು ಬಗೆಗಳಿವೆ. ಇಳಿವಯಸ್ಸಿನವರ ಕಿವಿಗೆ ಸಂಬಂಧಿಸಿದಂತೆ ಎರಡನ್ನು ಮುಖ್ಯವಾಗಿ ತಿಳಿದುಕೊಂಡರೆ ಸಾಕು.

ಮೊದಲನೆಯದು ಕಣತಲೆಯ ಧಮನಿಯ ಉರಿಯೂತ. ಇಂಗ್ಲೆಂಡಿನ ಜೊನಾಥನ್ ಹಚಿನ್ಸನ್ 1890ರಲ್ಲಿಯೇ ಇಂಥ ಒಬ್ಬ ವೃದ್ಧರನ್ನು ವರ್ಣಿಸಿದ್ದರು: ಕಣತಲೆಯ ಧಮನಿಗಳು ಊದಿ ನೋಯುತ್ತಿದ್ದುದರಿಂದ ಅವರಿಗೆ ಟೋಪಿ ಇಟ್ಟುಕೊಳ್ಳಲೂ ಆಗುತ್ತಿರಲಿಲ್ಲ. ಈ ಕಾಯಿಲೆ ಐವತ್ತು ವರ್ಷ ದಾಟದವರಿಗೆ ಬರುವುದಿಲ್ಲವೆಂದೇ ಹೇಳಬಹುದು. ಎಪ್ಪತ್ತು ದಾಟಿದವರಲ್ಲಿ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಉತ್ತರ ಯೂರೋಪಿನಲ್ಲಿ ಇದು ಸಾಕಷ್ಟು ಕಾಣಬರುತ್ತದೆ, ನಮ್ಮ ದೇಶದಲ್ಲಿ ಕಡಮೆ. ಆದರೆ ಇಲ್ಲವೆಂದಲ್ಲ.

ಇದರ ಗುರುತುಗಳನ್ನು ಮನೆಯವರೇ ಕಂಡುಹಿಡಿಯಬಹುದು. ಹಿಂದೆಂದೂ ಇಲ್ಲದ ತಲೆನೋವು ಹೊಸದಾಗಿ ಬರುತ್ತದೆ. ಬಾಚಣಿಗೆ ತಾಗಿದರೆ, ದಿಂಬಿಗೆ ತಲೆಯಿಟ್ಟರೆ ನೆತ್ತಿ ನೋಯುತ್ತದೆ. ದವಡೆಯ ನೋವು ಇದರ ವಿಶೇಷ. ರಾಗಿಮುದ್ದೆಯನ್ನು ನುಂಗುವವರಿಗೆ ಊಟದಲ್ಲಿ ಏನೂ ತೋರುವುದಿಲ್ಲ. ಆದರೆ ಒಂದು ಚೂರು ಕೊಬ್ಬರಿಯನ್ನೋ ಎಲೆಯಡಿಕೆಯನ್ನೋ ಅಗಿಯುತ್ತಾ ಹೋದಂತೆ ದವಡೆ ಸೋತು ನೋಯುತ್ತದೆ. ಅಗಿಯುವುದನ್ನು ನಿಲ್ಲಿಸಿದರೆ ನೋವು ನಿಲ್ಲುತ್ತದೆ. ಹಲ್ಲುನೋವು ಹೀಗೆ ಮಾಡುವುದಿಲ್ಲ. ದವಡೆಯ ಸ್ನಾಯುಗಳಿಗೆ ದುಡಿಯುವಾಗ ಬೇಕಾದಷ್ಟು ರಕ್ತ ಬರುತ್ತಿಲ್ಲವೆಂಬುದರ ಸೂಚನೆ ಅದು. ಬೆಳಗ್ಗೆ ಎದ್ದಾಗ ಹೆಗಲು, ಸೊಂಟಗಳು ಬಿಗಿದು, ಕೈಯೆತ್ತಿ ತಲೆಗೆ ಎಣ್ಣೆ ಹಚ್ಚಿಕೊಳ್ಳಲಾಗುವುದಿಲ್ಲ. ಇವುಗಳ ಜೊತೆಗೆ ಒಂದು ಕಣ್ಣು ಕ್ಷಣಕಾಲ ಮಬ್ಬಾಗಿ ಮತ್ತೆ ಸರಿಹೋದರೆ, ‘ಸರಿಹೋಯಿತಲ್ಲ’ ಎಂದು ಸುಮ್ಮನಿರಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಕಣ್ಣು ಶಾಶ್ವತವಾಗಿ ಹೋಗಬಹುದು. ಹೋದ ಕಣ್ಣು ಸಾಮಾನ್ಯವಾಗಿ ಮರಳುವುದಿಲ್ಲ.

ಈ ಕಾಯಿಲೆಯಲ್ಲಿ ಎಲ್ಲರ ಗಮನವೂ ಕಣ್ಣಿನ ಕಡೆಗೇ ಇರುತ್ತದೆ. ಕಿವಿಯ ಕಡೆಗೂ ನೋಡಬೇಕೆಂದು ತೋರಿಸಿದವರಲ್ಲಿ ಸ್ಪೇನಿನ ವೈದ್ಯರು ಮುಖ್ಯರು. ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚಿಕಿತ್ಸೆಗೆ ಮುಂಚೆ ಪರೀಕ್ಷಿಸಿದ ರೋಗಿಗಳಲ್ಲಿ ಬಹುಮಂದಿಗೆ ಒಳಕಿವಿಯ ತೂಕದ ಅಂಗದಲ್ಲಿ ದೋಷ ಕಂಡುಬಂದಿತು. ಮೂರು ತಿಂಗಳ ಚಿಕಿತ್ಸೆಯ ಮೇಲೆ ಅವರಲ್ಲಿ ಅನೇಕರಿಗೆ ಅದು ಸರಿಹೋಗಿತ್ತು. ಕೇಳುವ ಶಕ್ತಿ ಮಾತ್ರ ಅಷ್ಟು ಸುಲಭವಾಗಿ ಹಿಂದಿರುಗಲಿಲ್ಲ.

ಎರಡನೆಯ ಬಗೆ ಸಣ್ಣ ರಕ್ತನಾಳಗಳದು. ಇದನ್ನು ವೈದ್ಯರು ಆಂಕಾ ಸಂಬಂಧದ ಉರಿಯೂತ ಎನ್ನುತ್ತಾರೆ. ಆಂಕಾ ಎಂಬುದು ರಕ್ತದಲ್ಲಿ ಕಾಣುವ ಒಂದು ಪ್ರತಿಕಾಯದ ಹೆಸರಿನ ಸಂಕ್ಷೇಪ. ಈ ಗುಂಪಿನ ಒಂದು ಮುಖ್ಯ ಕಾಯಿಲೆಯನ್ನು 1930ರ ದಶಕದಲ್ಲಿ ಜರ್ಮನಿಯ ಕ್ಲಿಂಗರ್ ಮತ್ತು ವೆಗೆನರ್ ಎಂಬವರು ವರ್ಣಿಸಿದರು. ಇದು ಎಷ್ಟೋ ಸಲ ಮೂಗು ಕಿವಿಗಳಿಂದಲೇ ಆರಂಭವಾಗುತ್ತದೆ. ಮೂಗಿನಲ್ಲಿ ಹಕ್ಕಳೆ ಕಟ್ಟುತ್ತದೆ, ರಕ್ತ ಬರುತ್ತದೆ, ನೆಗಡಿ ತಿಂಗಳುಗಟ್ಟಲೆ ವಾಸಿಯಾಗುವುದಿಲ್ಲ. ಕಿವಿ ಕಟ್ಟಿಕೊಂಡಂತಾಗಿ ತಮಟೆಯ ಹಿಂದೆ ನೀರು ತುಂಬುತ್ತದೆ. ಕಿವಿ ಸೋರಿತೆಂದು ಔಷಧ ಕೊಟ್ಟರೆ ಗುಣ ಕಾಣುವುದಿಲ್ಲ. ವಾರಗಳಲ್ಲಿ ಕೇಳುವ ಶಕ್ತಿ ಕುಗ್ಗುತ್ತಾ ಹೋಗುತ್ತದೆ. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ತಲೆಸುತ್ತು ಸೇರುತ್ತದೆ. ಕೆಲವರಿಗೆ ಮುಖದ ಒಂದು ಪಕ್ಕ ಸೊಟ್ಟಗಾಗುತ್ತದೆ. ಜಪಾನಿನ ಕಿವಿತಜ್ಞರು ವಯಸ್ಸಾದವರಲ್ಲಿ ಇಂಥ ಕಿವಿಯ ರೋಗವನ್ನು ಮತ್ತೆ ಮತ್ತೆ ಕಂಡು, ಅದನ್ನು ಬೇಗ ಗುರುತಿಸುವ ಸೂತ್ರಗಳನ್ನು ಕಳೆದ ದಶಕದಲ್ಲಿ ಬರೆದಿಟ್ಟಿದ್ದಾರೆ. ಇಲ್ಲಿ ಕಿವಿ ಕೆಡುವುದು ನಾಳ ಮುಚ್ಚಿ ಮಾತ್ರವಲ್ಲ. ತಮಟೆಯ ಹಿಂದಿನ ಊತ ಒಳಕಿವಿಗೂ ನರಕ್ಕೂ ಹಬ್ಬುವುದುಂಟು.

ಈ ಕಾಯಿಲೆಯ ಭಯಂಕರ ಮುಖ ಕಿವಿಯಲ್ಲಿಲ್ಲ. ಶ್ವಾಸಕೋಶದಲ್ಲೂ ಮೂತ್ರಪಿಂಡದಲ್ಲೂ ಇದೆ. ಕೆಮ್ಮಿದಾಗ ರಕ್ತ, ನೊರೆಗಟ್ಟುವ ಇಲ್ಲವೇ ಕೆಂಪಾದ ಮೂತ್ರ, ಕಾಲಿನ ಮೇಲೆ ಕೆನ್ನೀಲಿ ಚುಕ್ಕೆ, ಕೆಂಪಗೆ ನೋಯುವ ಕಣ್ಣು, ಕಾರಣವಿಲ್ಲದ ಜ್ವರ, ತೂಕ ಇಳಿಯುವುದು—ಇವು ಅದರ ಲಕ್ಷಣಗಳು. ನಮ್ಮ ನಾಡಿನಲ್ಲಿ ಇಲ್ಲೊಂದು ತೊಡಕುಂಟು. ಕೆಮ್ಮು, ಜ್ವರ, ಕಫದಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಕಲೆ ಎಂದರೆ ಮೊದಲು ನೆನಪಾಗುವುದು ಕ್ಷಯ. ಅದು ಸಹಜ, ಕ್ಷಯವೇ ನಮ್ಮಲ್ಲಿ ಹೆಚ್ಚು. ಕ್ಷಯರೋಗ ಕಿವಿಗೂ ಬರಬಹುದು. ಆದರೆ ಕಫದಲ್ಲಿ ಕ್ಷಯದ ರೋಗಾಣು ಸಿಕ್ಕದೆ, ಕ್ಷಯದ ಔಷಧದಿಂದ ಗುಣವೂ ಕಾಣದೆ, ಕಿವಿ ಮೂಗುಗಳ ತೊಂದರೆಯೂ ಜೊತೆಗಿದ್ದರೆ, ‘ಇದು ರಕ್ತನಾಳದ ಉರಿಯೂತವಿರಬಹುದೇ?’ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಹಿಂದೆ ಈ ಕಾಯಿಲೆ ಬಂದವರಲ್ಲಿ ಬಹುಪಾಲು ಜನ ಒಂದು ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. 1970ರ ದಶಕದ ಮೊದಲಲ್ಲಿ ಅಮೆರಿಕದ ಆಂಥೊನಿ ಫೌಚಿ ಮತ್ತು ಶೆಲ್ಡನ್ ವೂಲ್ಫ್ ಎಂಬ ವೈದ್ಯರು, ಕ್ಯಾನ್ಸರಿಗೆ ಕೊಡುತ್ತಿದ್ದ ಸೈಕ್ಲೊಫಾಸ್ಫಮೈಡ್ ಎಂಬ ಔಷಧವನ್ನು ಕಡಮೆ ಪ್ರಮಾಣದಲ್ಲಿ ಸ್ಟೆರಾಯ್ಡಿನೊಡನೆ ಕೊಟ್ಟು ನೋಡಿದರು. 1983ರಲ್ಲಿ ಅವರ ತಂಡ 85 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದಾಗ, ಅವರಲ್ಲಿ ಬಹುಮಂದಿಗೆ ಕಾಯಿಲೆ ಸಂಪೂರ್ಣವಾಗಿ ಅಡಗಿತ್ತು. ಕೊರೋನಾ ಕಾಲದಲ್ಲಿ ಪತ್ರಿಕೆಗಳಲ್ಲಿ ಹೆಸರು ಕೇಳಿಬಂದ ಫೌಚಿಯವರು ಇವರೇ. 2010ರಿಂದೀಚೆಗೆ ರಿಟುಕ್ಸಿಮ್ಯಾಬ್ ಎಂಬ ಇನ್ನೊಂದು ಔಷಧವೂ ಬಳಕೆಗೆ ಬಂದಿದೆ. ಕೊಲ್ಲುತ್ತಿದ್ದ ಕಾಯಿಲೆ ಈಗ ಹಿಡಿತಕ್ಕೆ ಸಿಕ್ಕುವ ಕಾಯಿಲೆಯಾಗಿದೆ. ಆದರೆ ಇದು ಮರಳಿ ಬರುವ ಸ್ವಭಾವದ್ದು. ವರ್ಷಗಟ್ಟಲೆ ವೈದ್ಯರ ಕಣ್ಣಿನ ಕೆಳಗೆ ಇರಬೇಕಾಗುತ್ತದೆ.

ಇನ್ನು, ಮುಪ್ಪಿನ ಕಿವಿಮಂದಕ್ಕೂ ಕಾಯಿಲೆಯ ಕಿವಿಮಂದಕ್ಕೂ ಇರುವ ಭೇದವನ್ನು ಮನೆಯಲ್ಲಿ ಹೇಗೆ ತಿಳಿಯುವುದು? ಮುಪ್ಪಿನ ಕಿವಿಮಂದ ವರ್ಷಗಳಲ್ಲಿ ಬರುತ್ತದೆ. ಎರಡು ಕಿವಿಗೂ ಸರಿಸಮವಾಗಿ ಬರುತ್ತದೆ. ಮೊದಲು ಹೋಗುವುದು ಕೀಚಲು ಸ್ವರಗಳು. ಹಕ್ಕಿಯ ಉಲಿ, ಮಕ್ಕಳ ಮಾತು. ರೇಡಿಯೋ ಕೇಳುವಾಗ ‘ಶಬ್ದ ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎನ್ನುತ್ತಾರೆ. ರೇಡಿಯೋದ ತಿರುಪನ್ನು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಮುಪ್ಪಿನ ಕಿವಿಮಂದದಿಂದ ಲೋಕ ತಿರುಗುವುದಿಲ್ಲ. ಕಾಯಿಲೆಯ ಕಿವಿಮಂದ ಗಂಟೆಗಳಲ್ಲಿ, ದಿನಗಳಲ್ಲಿ, ವಾರಗಳಲ್ಲಿ ಬರುತ್ತದೆ. ಒಂದು ಕಿವಿಗೆ ಹೆಚ್ಚು, ಇನ್ನೊಂದಕ್ಕೆ ಕಡಮೆ. ಏರಿಳಿತವುಂಟು. ಕಿವಿಯಲ್ಲಿ ಹೊಸದಾಗಿ ಗುಂಯ್‌ಗುಡುತ್ತದೆ. ತಲೆಸುತ್ತು, ವಾಂತಿ, ಜ್ವರ, ತಲೆನೋವು, ಕಣ್ಣಿನ ಕೆಂಪು, ಮೂಗಿನ ರಕ್ತ ಇವುಗಳಲ್ಲಿ ಯಾವುದಾದರೊಂದು ಜೊತೆಗಿರುತ್ತದೆ.

ಒಂದು ಸಣ್ಣ ಪರೀಕ್ಷೆಯನ್ನು ನೀವೇ ಮಾಡಬಹುದು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ತುಟಿ ಮುಚ್ಚಿ ‘ಮ್’ ಎಂದು ಗುನುಗಿ. ಆ ಗುನುಗು ಮಂದವಾದ ಕಿವಿಯ ಕಡೆಗೇ ದೊಡ್ಡದಾಗಿ ಕೇಳಿಸಿದರೆ ಗುಗ್ಗೆಯೋ ನೀರೋ ದಾರಿ ಕಟ್ಟಿರಬಹುದು. ಚೆನ್ನಾಗಿರುವ ಕಿವಿಯ ಕಡೆಗೆ ದೊಡ್ಡದಾಗಿ ಕೇಳಿಸಿದರೆ ಒಳಕಿವಿ ಇಲ್ಲವೇ ನರದ ದೋಷವಿರಬಹುದು. ಹಾಗಿದ್ದಲ್ಲಿ ಒಂದು ದಿನವನ್ನೂ ಕಳೆಯಬಾರದು. ವೈದ್ಯರು ಕವಲುಕಡ್ಡಿಯನ್ನು ಹಣೆಗೆ ಹಿಡಿದು ಮಾಡುವ ಪರೀಕ್ಷೆಯ ತತ್ತ್ವವೂ ಇದೇ. ಆದರೆ ಇದು ಸೂಚನೆ ಮಾತ್ರ. ಗುನುಗು ಯಾವ ಕಡೆ ಕೇಳಿಸಿದರೂ ವೈದ್ಯರಿಗೆ ತೋರಿಸಲೇಬೇಕು. ಮೂರು ದಿನಗಳೊಳಗಾಗಿ ಬಂದ ಒಳಕಿವಿಯ ಕಿವುಡನ್ನು ಇಂದಿನ ವೈದ್ಯರು ತುರ್ತು ಕಾಯಿಲೆಯೆಂದು ಎಣಿಸುತ್ತಾರೆ. ಕಾರಣ ಯಾವುದೇ ಆಗಿರಲಿ, ಮೊದಲ ಎರಡು ವಾರಗಳೊಳಗೆ ಆರಂಭಿಸಿದ ಚಿಕಿತ್ಸೆಯಿಂದಲೇ ಹೆಚ್ಚು ಪ್ರಯೋಜನ. ಮುಂದಿನ ಸಂತೆಗೆ ಪೇಟೆಗೆ ಹೋದಾಗ ತೋರಿಸೋಣ, ಕೊಬ್ಬರಿ ಮಾರಿದ ಮೇಲೆ ನೋಡೋಣ ಎಂದು ಮುಂದೂಡಿದರೆ ಕಿವಿ ಕಾಯುವುದಿಲ್ಲ.

ತಲೆಸುತ್ತಿನೊಡನೆ ಮಾತು ತೊದಲಿದರೆ, ಎರಡೆರಡಾಗಿ ಕಂಡರೆ, ಒಂದು ಪಕ್ಕದ ಕೈಕಾಲು ಸೋತರೆ, ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ, ಅದು ಮಿದುಳಿನ ಹಿಂಭಾಗದ ಪಾರ್ಶ್ವವಾಯು ಇರಬಹುದು. ಆಗ ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ. 108ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಗೇ ಒಯ್ಯಬೇಕು.

ಮಾಡಬಾರದ ಕೆಲವು ಕೆಲಸಗಳನ್ನೂ ಹೇಳಬೇಕು. ತೆಂಗಿನ ನಾಡಿನಲ್ಲಿ ಎಣ್ಣೆಗೆ ಬರವಿಲ್ಲ. ಕಿವಿಗೆ ಏನಾದರೂ ಆದೊಡನೆ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಬಿಡುವುದು ಹಳೆಯ ವಾಡಿಕೆ. ಒಳಕಿವಿಯ ಕಾಯಿಲೆಗೆ ಆ ಎಣ್ಣೆ ಮುಟ್ಟುವುದೇ ಇಲ್ಲ. ನಡುವೆ ತಮಟೆ ಅಡ್ಡವಿದೆ. ತಮಟೆ ತೂತಾಗಿದ್ದರೆ ಎಣ್ಣೆ ಒಳಗಿಳಿದು ಕೇಡು ಮಾಡುತ್ತದೆ. ಬಿಸಿ ಹೆಚ್ಚಾಗಿದ್ದರೆ ಸುಡುತ್ತದೆ. ತಲೆಸುತ್ತಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದೂ ತಪ್ಪು. ಅವು ನಾಲ್ಕಾರು ದಿನಗಳ ಉಪಶಮನಕ್ಕೆ ಸರಿ. ವಯಸ್ಸಾದವರು ಅವುಗಳಲ್ಲಿ ಕೆಲವನ್ನು ಬಹುಕಾಲ ನುಂಗಿದರೆ ಕೈ ನಡುಗುವುದು, ನಡಿಗೆ ನಿಧಾನವಾಗುವುದು ಮೊದಲಾದ ತೊಂದರೆಗಳು ಬರುತ್ತವೆ. ಮಿದುಳು ಹೊಸದಾಗಿ ತೂಕ ಕಲಿಯುವುದೂ ತಡವಾಗುತ್ತದೆ. ಸ್ಟೆರಾಯ್ಡ್ ಮಾತ್ರೆಯನ್ನಂತೂ ಯಾರ ಮಾತು ಕೇಳಿಯೂ ಸ್ವಂತವಾಗಿ ತೆಗೆದುಕೊಳ್ಳಬಾರದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ಕಿವಿ-ಮೂಗು-ಗಂಟಲಿನ ವೈದ್ಯರು ತಮಟೆಯನ್ನು ನೋಡಿ ಕೇಳುವ ಶಕ್ತಿಯ ನಕ್ಷೆ ತೆಗೆಸುತ್ತಾರೆ. ಅನುಮಾನವಿದ್ದಲ್ಲಿ ಇ.ಎಸ್.ಆರ್., ಸಿ.ಆರ್.ಪಿ. ಎಂಬ ರಕ್ತಪರೀಕ್ಷೆಗಳಿಂದ ದೇಹದಲ್ಲಿ ಉರಿಯೂತವಿದೆಯೇ ಎಂದು ತಿಳಿಯುತ್ತಾರೆ. ಇವು ತಾಲ್ಲೂಕು ಕೇಂದ್ರಗಳಲ್ಲಿಯೂ ಆಗತಕ್ಕ ಪರೀಕ್ಷೆಗಳು. ಮೂತ್ರಪರೀಕ್ಷೆ ಅಗ್ಗದ್ದು, ಆದರೆ ಬೆಲೆಯುಳ್ಳದ್ದು. ಮೂತ್ರಪಿಂಡಕ್ಕೆ ಕಾಯಿಲೆ ತಟ್ಟಿದೆಯೇ ಎಂಬುದನ್ನು ಮೊದಲು ಹೇಳುವುದು ಅದೇ. ಆಂಕಾ ಪರೀಕ್ಷೆ, ಎಮ್.ಆರ್.ಐ., ಊತವಿರುವ ಜಾಗದಿಂದ ಚೂರು ತೆಗೆದು ನೋಡುವುದು ಇವಕ್ಕೆ ತುಮಕೂರಿಗೋ ಬೆಂಗಳೂರಿಗೋ ಹೋಗಬೇಕಾಗಬಹುದು. ಅಲ್ಲಿ ಸಂಧಿವಾತ ತಜ್ಞರೆಂದು ಕರೆಯುವ ವೈದ್ಯರೇ ಈ ಕಾಯಿಲೆಗಳನ್ನು ನೋಡುವವರು. ಕೀಲುನೋವಿನ ವೈದ್ಯರ ಹತ್ತಿರ ಕಿವಿಗೇನು ಕೆಲಸ ಎಂದು ಹಿಂಜರಿಯಬೇಡಿ.

ಚಿಕಿತ್ಸೆ ಸಾಮಾನ್ಯವಾಗಿ ಸ್ಟೆರಾಯ್ಡಿನಿಂದ ಆರಂಭವಾಗುತ್ತದೆ. ಕಣ್ಣು ಹೋಗುವ ಭಯವಿದ್ದಾಗ ಎಲ್ಲ ಪರೀಕ್ಷೆಗಳ ಫಲಿತಾಂಶಕ್ಕೂ ಕಾಯದೆ ಕೊಡುತ್ತಾರೆ. ಈ ಔಷಧಕ್ಕೆ ಎರಡು ಅಲಗು. ಸಿಹಿಮೂತ್ರವಿದ್ದವರಿಗೆ ಸಕ್ಕರೆ ಏರುತ್ತದೆ, ಮೂಳೆ ತೆಳುವಾಗುತ್ತದೆ, ಸೋಂಕು ಬೇಗ ತಗಲುತ್ತದೆ, ಹಳೆಯ ಕ್ಷಯ ಮರುಕಳಿಸಬಹುದು. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯವಿದ್ದರೆ ವೈದ್ಯರಿಗೆ ಮುಚ್ಚಿಡಬಾರದು. ಗುಣ ಕಂಡಿತೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ವಾರಗಟ್ಟಲೆ ಹೊರಗಿನಿಂದ ಬಂದ ಔಷಧಕ್ಕೆ ಒಗ್ಗಿದ ದೇಹ ತನ್ನದೇ ಸ್ಟೆರಾಯ್ಡನ್ನು ತಯಾರಿಸುವುದನ್ನು ನಿಲ್ಲಿಸಿರುತ್ತದೆ. ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು.

ಕಾಯಿಲೆ ಅಡಗಿದ ಮೇಲೂ ಕೆಲವರಿಗೆ ಕಿವಿಯ ಶಕ್ತಿ ಪೂರ್ತಿ ಮರಳುವುದಿಲ್ಲ. ಅಂಥವರಿಗೆ ಶ್ರವಣಯಂತ್ರವುಂಟು. ಎರಡೂ ಕಿವಿ ಪೂರ್ತಿ ಹೋದವರಿಗೆ, ಕಾಯಿಲೆ ಶಾಂತವಾದ ಮೇಲೆ, ಒಳಕಿವಿಯ ಸುರುಳಿಯೊಳಗೆ ವಿದ್ಯುತ್ ತಂತಿಯನ್ನು ಇಡುವ ಶಸ್ತ್ರಚಿಕಿತ್ಸೆಯೂ ಇದೆ. 1978ರಲ್ಲಿ ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಅವರು ಮಾಡಿದ ಇಂಥ ಶಸ್ತ್ರಕ್ರಿಯೆ ಈ ವಿದ್ಯೆಯಲ್ಲಿ ದೊಡ್ಡ ಹೆಜ್ಜೆ. ಈ ವಿಷಯಗಳಲ್ಲಿ ನಮ್ಮ ನಾಡಿಗೆ ಒಂದು ಭಾಗ್ಯವುಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆ, ಯಂತ್ರದ ಆಯ್ಕೆ, ತರಬೇತಿ ಎಲ್ಲವೂ ದೊರೆಯುತ್ತವೆ. ಯಂತ್ರವನ್ನು ಪರೀಕ್ಷೆಯಿಲ್ಲದೆ ಜಾಹೀರಾತು ನೋಡಿ ಕೊಳ್ಳಬೇಡಿ. ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಹೊಂದುವುದಿಲ್ಲವಷ್ಟೆ.

ತೂಕದ ವಿಷಯದಲ್ಲಿ ಸಮಾಧಾನ ಹೆಚ್ಚು. ನಾವು ಬೀಳದೆ ನಿಲ್ಲುವುದು ಒಳಕಿವಿ, ಕಣ್ಣು, ಅಂಗಾಲು ಈ ಮೂರರ ಸಹಾಯದಿಂದ. ಒಂದು ಕೈಕೊಟ್ಟರೆ ಉಳಿದೆರಡನ್ನು ನೆಚ್ಚುವುದನ್ನು ಮಿದುಳು ಕಲಿಯುತ್ತದೆ. ಆದರೆ ಹಾಸಿಗೆ ಹಿಡಿದವರಿಗೆ ಆ ಕಲಿಕೆ ಬರುವುದಿಲ್ಲ. ವೈದ್ಯರು ಅಪ್ಪಣೆ ಕೊಟ್ಟ ಮೇಲೆ, ಗಟ್ಟಿಯಾದ ಕುರ್ಚಿಯಲ್ಲಿ ಕೂತು, ಹೆಬ್ಬೆರಳನ್ನು ಮುಂದೆ ಹಿಡಿದು, ದೃಷ್ಟಿಯನ್ನು ಅದರ ಮೇಲೆಯೇ ನಿಲ್ಲಿಸಿ, ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಗಿಸುವ ಅಭ್ಯಾಸವನ್ನು ದಿನಕ್ಕೆ ಎರಡು ಮೂರು ಸಲ ಮಾಡಬಹುದು. ಆಮೇಲೆ ಗೋಡೆಯ ಪಕ್ಕದಲ್ಲ��, ಜೊತೆಗೊಬ್ಬರನ್ನು ಇಟ್ಟುಕೊಂಡು, ನಿಂತು ಮಾಡಬಹುದು. ಮೊದಮೊದಲು ಸ್ವಲ್ಪ ಸುತ್ತು ಬರುವುದು ಸಹಜ.

ಒಳಕಿವಿ ಕೆಟ್ಟವರಿಗೆ ಕತ್ತಲೆಯೇ ಶತ್ರು. ಏಕೆಂದರೆ ಕಣ್ಣಿನ ಆಸರೆಯೂ ಆಗ ತಪ್ಪುತ್ತದೆ. ನಮ್ಮ ಸೀಮೆಯಲ್ಲಿ ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತಿನಲ್ಲಿ ಬಂದರೆ ಮೋಟಾರು ಹಾಕಲು ವಯಸ್ಸಾದವರೇ ಬ್ಯಾಟರಿ ಹಿಡಿದು ತೋಟಕ್ಕೆ ಹೋಗುವುದುಂಟು. ಹಸಿ ಬದು, ಬಿದ್ದ ಗರಿ, ಮಟ್ಟೆಯ ರಾಶಿ, ಕೃಷಿಹೊಂಡ ಎಲ್ಲವೂ ದಾರಿಯಲ್ಲಿರುತ್ತವೆ. ತೂಕ ತಪ್ಪುವವರನ್ನು ಈ ಕೆಲಸಕ್ಕೆ ಕಳಿಸಬಾರದು. ಕೊಬ್ಬರಿಯ ಅಟ್ಟದ ಏಣಿಯನ್ನೂ ಅವರು ಹತ್ತಬಾರದು. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯೆಲ್ಲ ಒಂದು ಸಣ್ಣ ದೀಪ, ಬಚ್ಚಲಿನ ಗೋಡೆಗೆ ಒಂದು ಹಿಡಿಕೆ, ಕೈಗೊಂದು ಊರುಗೋಲು ಇದ್ದರೆ ಎಷ್ಟೋ ತೊಡೆಮೂಳೆಗಳು ಉಳಿಯುತ್ತವೆ. ಸ್ಟೆರಾಯ್ಡಿನಿಂದ ತೆಳುವಾದ ಮೂಳೆ ಸಣ್ಣ ಬೀಳಿಗೂ ಮುರಿಯುತ್ತದೆಂಬುದನ್ನು ನೆನಪಿಡಿ.

ಮನೆಯ ಕಿರಿಯರಿಗೆ ಕಡೆಯದಾಗಿ ಒಂದು ಮಾತು. ಕಿವಿ ಮಂದವಾದವರೊಡನೆ ಕಿರಿಚಬೇಡಿ. ಎದುರಿಗೆ ಬಂದು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಿ. ‘ನಿಮಗೆ ಕೇಳಿಸುವುದಿಲ್ಲ ಬಿಡಿ’ ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಹಿರಿಯರು ತಮ್ಮ ತೊಂದರೆಯನ್ನು ತಾವಾಗಿ ಹೇಳುವುದು ಕಡಮೆ. ಮಕ್ಕಳಿಗೆ ಖರ್ಚು ತರಬಾರದೆಂಬ ಸಂಕೋಚ ಅವರದು. ನೀವೇ ಕೇಳಬೇಕು: ಕಿವಿ ಯಾವಾಗಿನಿಂದ ಹೀಗಾಯಿತು, ಒಂದೋ ಎರಡೋ, ತಲೆನೋವಿದೆಯೇ, ಅಗಿಯುವಾಗ ದವಡೆ ನೋಯುತ್ತದೆಯೇ, ಕಣ್ಣು ಮಬ್ಬಾಗಿತ್ತೇ, ಮೂಗಿನಲ್ಲಿ ರಕ್ತ ಬಂದಿತ್ತೇ. ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ನುಂಗುತ್ತಿರುವ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು, ಅವರನ್ನು ಜೊತೆಯಲ್ಲಿ ಕರೆದುಕೊಂಡು ವೈದ್ಯರ ಬಳಿಗೆ ಹೋಗಿ. ಅಷ್ಟು ಮಾಡಿದರೆ ವೈದ್ಯರ ಅರ್ಧ ಕೆಲಸವನ್ನು ನೀವೇ ಮಾಡಿಕೊಟ್ಟಂತೆ.